50 ರೂಪಾಯಿಯ ದಂಡ, 75 ವರ್ಷದ ನೆನಪು

ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದವರು ತುಂಬಿಕೊಡಬೇಕಾದ ದೃಢೀಕರಣ ಪತ್ರವೊಂದಿದೆ. ಹುಟ್ಟಿದ ಊರು, ತಂದೆಯ ಹೆಸರು, ಓದಿದ ಶಾಲೆ ಎಲ್ಲವನ್ನೂ ಅದು ಕೇಳುತ್ತದೆ. ಎಲ್ಲೆಲ್ಲಿ ವಾಸವಾಗಿದ್ದಿರಿ ಎಂಬ ಪ್ರಶ್ನೆಗೆ ಮಾತ್ರ ಅದರ ಕುತೂಹಲ ಮಿತವಾದದ್ದು. ಹಿಂದಿನ ಐದು ವರ್ಷಗಳ ವಿಳಾಸ ಕೊಟ್ಟರೆ ಸಾಕು. ಆಮೇಲೆ ಬರುತ್ತದೆ ಇನ್ನೊಂದು ಪ್ರಶ್ನಾವಳಿ. ನೀವು ಎಂದಾದರೂ ಬಂಧನಕ್ಕೊಳಗಾಗಿದ್ದೀರಾ? ನಿಮ್ಮ ಮೇಲೆ ಎಂದಾದರೂ ಮೊಕದ್ದಮೆ ನಡೆದಿದೆಯೇ? ಮುಚ್ಚಳಿಕೆ ಬರೆದುಕೊಟ್ಟಿದ್ದೀರಾ? ಯಾವುದಾದರೂ ನ್ಯಾಯಾಲಯ ನಿಮಗೆ ದಂಡ ವಿಧಿಸಿದೆಯೇ? ಇಲ್ಲಿ ಐದು ವರ್ಷದ ಮಾತಿಲ್ಲ, ಹತ್ತು ವರ್ಷದ ಮಾತೂ ಇಲ್ಲ. ‘ಎಂದಾದರೂ’ ಎಂಬ ಒಂದೇ ಶಬ್ದವಿದೆ. ನನ್ನ ಜಗಳ ಆ ಶಬ್ದದೊಂದಿಗೆ.

ಜಗಳಕ್ಕೆ ಕಾರಣನಾದ ಹುಡುಗನ ಹೆಸರನ್ನು ನಾನು ಹೇಳುವುದಿಲ್ಲ. ಕುಂದಾಪುರದ ಕಡೆಯವನು. ಮುಂಬಯಿಯ ಒಂದು ಹೋಟೆಲಿನಲ್ಲಿ ಹಗಲೆಲ್ಲ ದುಡಿದು, ರಾತ್ರಿ ಕಲಿತವನು. ಈ ಊರಿನ ಕನ್ನಡ ರಾತ್ರಿಶಾಲೆಗಳ ಚರಿತ್ರೆ ಬಲ್ಲವರಿಗೆ ಅಂಥ ಹುಡುಗರ ಪರಿಚಯ ಹೊಸದಲ್ಲ. ನಮ್ಮ ಸಂಘಗಳ ವೇದಿಕೆಯ ಮೇಲೆ ಇಂದು ಶಾಲು ಹೊದ್ದು ಕುಳಿತುಕೊಳ್ಳುವ ಹಿರಿಯರಲ್ಲಿ ಹಲವರು ಒಂದು ಕಾಲದಲ್ಲಿ ಅಂಥ ಹುಡುಗರೇ. ಈತ ತನ್ನ 19ನೆಯ ವಯಸ್ಸಿನಲ್ಲಿ ದೀಪಾವಳಿಗೆಂದು ಊರಿಗೆ ಹೋದ. ಹಬ್ಬದ ಮರುದಿನ ಗದ್ದೆಯಂಚಿನಲ್ಲಿ ಕೋಳಿ ಅಂಕ ನಡೆಯುತ್ತಿತ್ತು. ನೋಡಲು ಹೋದನೋ, ಹತ್ತೋ ಇಪ್ಪತ್ತೋ ರೂಪಾಯಿ ಕಟ್ಟಲು ಹೋದನೋ, ನಾನು ಕೇಳಲಿಲ್ಲ. ಪೊಲೀಸರು ಬಂದರು. ಓಡಲು ಬಲ್ಲವರು ಓಡಿದರು. ಕೋಳಿಯ ಒಡೆಯರಿಗೆ ಆ ಗದ್ದೆಯ ಅಂಚುಗಳೆಲ್ಲ ಚೆನ್ನಾಗಿ ಗೊತ್ತಿದ್ದವು. ಮುಂಬಯಿಯ ಹುಡುಗನಿಗೆ ಮರೆತುಹೋಗಿತ್ತು.

ಕೆಲವು ತಿಂಗಳ ಮೇಲೆ ಸಮನ್ಸು ಬಂತು. ರಜೆ ಹಾಕಿ, ಬಸ್ಸು ಹಿಡಿದು ಹೋದ. ನ್ಯಾಯಾಲಯದ ವರಾಂಡದಲ್ಲಿ ವಕೀಲರೊಬ್ಬರು ಅವನಿಗೆ ಹೇಳಿದ ಮಾತು ಇಷ್ಟೇ: ತಪ್ಪಾಯಿತೆಂದು ಒಪ್ಪಿಕೊ, ಫೈನು ಕಟ್ಟು, ಸಂಜೆಯ ಬಸ್ಸಿಗೆ ಮುಂಬಯಿಗೆ ಹೋಗು. ಹಾಗೆಯೇ ಮಾಡಿದ. ಕೇಸು ನಡೆಸುವುದಾದರೆ ಆರೆಂಟು ಬಾರಿ ಬಂದುಹೋಗಬೇಕು, ಅಷ್ಟು ರಜೆ ಯಾವ ಹೋಟೆಲಿನವರೂ ಕೊಡುವುದಿಲ್ಲ. ವಕೀಲರ ಸಲಹೆ ದುರುದ್ದೇಶದ್ದಲ್ಲ. ಅವನ ಜೇಬನ್ನು ನೋಡಿ ಕೊಟ್ಟ ಸಲಹೆ. ಆದರೆ ಅಂದು ಅವನು ಕಟ್ಟಿದ್ದು ಫೈನು ಮಾತ್ರವಲ್ಲವೆಂದು, ಕಾನೂನಿನ ಭಾಷೆಯಲ್ಲಿ ತಾನು ಅಪರಾಧಿಯೆಂದು ನಿರ್ಣಯವಾಗಿದೆಯೆಂದು ಅವನಿಗೆ ಯಾರೂ ತಿಳಿಸಲಿಲ್ಲ.

ಮೂರು ವರ್ಷ ಕಳೆದು, ಪರೀಕ್ಷೆ ಬರೆದು ಉತ್ತೀರ್ಣನಾಗಿ, ಆ ದೃಢೀಕರಣ ಪತ್ರವನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ. ‘ಸರ್, ಇದು ಬರೀಬೇಕಾ?’ ಎಂದು ಕೇಳಿದ. ಬೆರಳು ‘ದಂಡ’ ಎಂಬ ಪದದ ಮೇಲಿತ್ತು.

ಕೋಳಿ ಅಂಕವನ್ನು ನಾನು ಸಮರ್ಥಿಸುತ್ತಿಲ್ಲ. ಕಾಲಿಗೆ ಬಾಳು ಕಟ್ಟಿದ ಎರಡು ಹುಂಜಗಳು ಒಂದನ್ನೊಂದು ಸೀಳುವುದನ್ನು ಸಂಸ್ಕೃತಿಯೆಂದು ಕೊಂಡಾಡುವವರ ಸಾಲಿನಲ್ಲಿ ನಾನಿಲ್ಲ. ಅದು ಅಪರಾಧವಾಗಿರಲಿ, ದಂಡವೂ ಇರಲಿ. ಆದರೆ ಆ ಅಪರಾಧವನ್ನು ನಮ್ಮ ಶಾಸನವೇ ಎಷ್ಟು ತೂಗಿದೆ ನೋಡಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ ಮೊದಲ ಅಪರಾಧಕ್ಕೆ ಇರುವ ದಂಡ 10 ರೂಪಾಯಿಗೆ ಕಡಿಮೆಯಿಲ್ಲದೆ 50 ರೂಪಾಯಿಯವರೆಗೆ. ಜೊತೆಗೆ ಜೂಜಿನ ಕಲಮು ಸೇರುತ್ತದೆ, ಅದರ ದಂಡ ಬೇರೆ. ಒಟ್ಟಿನಲ್ಲಿ, ಸಂಸತ್ತು ಕುಳಿತು ಯೋಚಿಸಿ 50 ರೂಪಾಯಿ ಎಂದು ಬೆಲೆ ಕಟ್ಟಿದ ತಪ್ಪಿಗೆ, ಒಂದು ಅರ್ಜಿ ನಮೂನೆಯನ್ನು ಸಿದ್ಧಪಡಿಸಿದ ಯಾವನೋ ಅಧಿಕಾರಿ ಆಜೀವ ಶಿಕ್ಷೆಯನ್ನು ಸೇರಿಸಿಬಿಟ್ಟಿದ್ದಾನೆ. ಹಾಗೆ ಸೇರಿಸಲು ಅವನಿಗೆ ಅಧಿಕಾರ ಕೊಟ್ಟವರು ಯಾರು?

ಕೋಳಿಯ ಮಾತು ಬಂದಾಗ ಕನ್ನಡದ ಓದುಗರಿಗೆ ಜನ್ನನ ನೆನಪಾಗದೆ ಇರದು. ‘ಯಶೋಧರ ಚರಿತೆ’ಯಲ್ಲಿ ರಾಜ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೆ ಅವನೂ ಅವನ ತಾಯಿಯೂ ನವಿಲಾಗಿ, ನಾಯಾಗಿ, ಇನ್ನೇನೇನೋ ಆಗಿ ಜನ್ಮಜನ್ಮಾಂತರ ನೋಯಬೇಕಾಯಿತು. ಸಂಕಲ್ಪ ಹಿಂಸೆಯ ಕುರಿತು ಅಷ್ಟು ಕಠಿಣವಾಗಿ ನುಡಿದ ಕಾವ್ಯ ನಮ್ಮಲ್ಲಿ ಮತ್ತೊಂದಿಲ್ಲವೆನ್ನಬಹುದು. ಆದರೂ ಆ ಜೈನ ಕವಿ ಲೆಕ್ಕವನ್ನು ಮುಗಿಸುತ್ತಾನೆ. ತಾಯಿಮಗ ಕೊನೆಗೆ ಅಣ್ಣತಂಗಿಯರಾಗಿ ಹುಟ್ಟುತ್ತಾರೆ, ಬಲಿಪೀಠದೆದುರು ನಿಂತು ತಮ್ಮ ಕಥೆ ಹೇಳುತ್ತಾರೆ, ಕೇಳಿದ ಮಾರಿದತ್ತನೇ ಬದಲಾಗುತ್ತಾನೆ. ಕರ್ಮಸಿದ್ಧಾಂತಕ್ಕೂ ಒಂದು ಕ್ಷಯವುಂಟು, ನಿರ್ಜರೆಯುಂಟು. ಸರ್ಕಾರಿ ನಮೂನೆಗೆ ಅದಿಲ್ಲ.

ಈ ಹುಡುಗನಿಗೆ ಆಗ 18 ತುಂಬದಿದ್ದರೆ ಕಥೆ ಬೇರೆಯಾಗುತ್ತಿತ್ತು. 2015ರ ಬಾಲನ್ಯಾಯ ಕಾಯ್ದೆ ಈ ವಿಷಯದಲ್ಲಿ ನಮ್ಮ ದೇಶದ ಅತ್ಯಂತ ಸುಸಂಸ್ಕೃತ ಶಾಸನಗಳಲ್ಲೊಂದು. ಅದರ ಮೂಲತತ್ತ್ವಗಳಲ್ಲಿ ಹೊಸ ಆರಂಭದ ತತ್ತ್ವವೂ ಒಂದು: ವಿಶೇಷ ಸಂದರ್ಭಗಳನ್ನು ಬಿಟ್ಟು ಮಗುವಿನ ಹಿಂದಿನ ದಾಖಲೆಗಳನ್ನು ಅಳಿಸಬೇಕು. ತೀರ ಘೋರ ಅಪರಾಧಗಳನ್ನು ಹೊರಗಿಟ್ಟು, ಉಳಿದಂತೆ ದೋಷನಿರ್ಣಯದಿಂದ ಹುಟ್ಟುವ ಯಾವ ಅನರ್ಹತೆಯೂ ಮಗುವನ್ನು ತಟ್ಟದೆಂದು 24ನೆಯ ಕಲಮು ಹೇಳುತ್ತದೆ, ದಾಖಲೆಗಳನ್ನು ನಾಶಪಡಿಸಬೇಕೆಂದೂ ಹೇಳುತ್ತದೆ. ನಡತೆ ಪ್ರಮಾಣಪತ್ರಕ್ಕಾಗಿ ಮುಗಿದುಹೋದ ಪ್ರಕರಣದ ವಿವರವನ್ನು ಪೊಲೀಸರು ಹೊರಗೆಡಹಕೂಡದೆಂದು 74ನೆಯ ಕಲಮು ನಿರ್ಬಂಧಿಸಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ನಿಲುವನ್ನು ಎತ್ತಿಹಿಡಿದು, ಬಾಲ್ಯದ ಮೊಕದ್ದಮೆಯೊಂದರ ನೆಪದಲ್ಲಿ ನೌಕರಿ ನಿರಾಕರಿಸಿದ್ದು ಸಲ್ಲದೆಂದಿತು. ಇಷ್ಟೆಲ್ಲ ಇದ್ದರೂ ಠಾಣೆಗಳಲ್ಲಿ ಈ ಕಲಮುಗಳನ್ನು ಓದಿಕೊಂಡವರು ಎಷ್ಟು ಮಂದಿ ಎಂಬ ಪ್ರಶ್ನೆ ಉಳಿಯುತ್ತದೆ. ಅದಿರಲಿ, ಶಾಸನವಾದರೂ ಇದೆಯಲ್ಲ.

18ನೆಯ ಹುಟ್ಟುಹಬ್ಬದ ಮಧ್ಯರಾತ್ರಿಗೆ ಈ ಕರುಣೆಯೆಲ್ಲ ಒಮ್ಮೆಗೇ ಮುಗಿಯುತ್ತದೆ. ಹಿಂದಿನ ದಿನ ಮಾಡಿದ ತಪ್ಪು ಸುಟ್ಟು ಬೂದಿಯಾಗಬೇಕಾದ ಕಾಗದ. ಮರುದಿನ ಮಾಡಿದ್ದು ಶಿಲಾಶಾಸನ. ಮನುಷ್ಯನ ಮನಸ್ಸು ಹೀಗೆ ಗಡಿಯಾರ ನೋಡಿ ಬಲಿಯುವುದಿಲ್ಲವೆಂಬುದು ಮಕ್ಕಳನ್ನು ಬೆಳೆಸಿದ ಯಾರಿಗೂ ಗೊತ್ತು. ನಮ್ಮ ಶಾಸನಕಾರರಿಗೂ ಅದು ಗೊತ್ತಿತ್ತು. 1958ರಲ್ಲೇ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನು, ಅಂದರೆ ಜನ ಪ್ರೊಬೇಷನ್ ಕಾಯ್ದೆಯೆಂದು ಕರೆಯುವುದನ್ನು, ತಂದರು. 21 ತುಂಬದವರನ್ನು ಸುಮ್ಮನೆ ಜೈಲಿಗೆ ಕಳುಹಿಸಬಾರದು, ಕಳುಹಿಸುವುದಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು ಎಂದರು. ಬುದ್ಧಿಮಾತು ಹೇಳಿಯೋ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟವನಿಗೆ ದೋಷನಿರ್ಣಯದ ಅನರ್ಹತೆ ಅಂಟಬಾರದೆಂದು 12ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದರು.

ಆ 12ನೆಯ ಕಲಮಿಗೆ ಆದದ್ದೇನು? 1975ರಲ್ಲಿ ದಕ್ಷಿಣ ರೈಲ್ವೆಯ ನೌಕರನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಬಿಡಿಸಿ ಓದಿತು. ಕಾನೂನು ತಾನಾಗಿ ಅಂಟಿಸುವ ಅನರ್ಹತೆಯಷ್ಟೇ ಹೋಗುತ್ತದೆ, ದೋಷನಿರ್ಣಯ ಅಳಿಯುವುದಿಲ್ಲ, ಅದಕ್ಕೆ ಕಾರಣವಾದ ನಡತೆಯನ್ನು ಇಲಾಖೆ ಪರಿಗಣಿಸಬಹುದು ಎಂದಿತು. ತರ್ಕ ಸರಿಯಾದದ್ದೇ ಇರಬಹುದು. ಸೇವೆಯಲ್ಲಿರುವ ನೌಕರನ ಮಟ್ಟಿಗೆ ಅದರಲ್ಲಿ ಹುರುಳೂ ಇದೆ. ಫಲ ಮಾತ್ರ ವಿಚಿತ್ರ. ಇಪ್ಪತ್ತರ ಹುಡುಗನಿಗೆ ನ್ಯಾಯಾಧೀಶರು ‘ಹೋಗು, ಇನ್ನು ಮುಂದೆ ನೆಟ್ಟಗಿರು’ ಎಂದು ಬಿಟ್ಟುಕಳುಹಿಸಿದರೆ, ಅವನು ನೆಟ್ಟಗಿದ್ದರೂ ಗುಮಾಸ್ತ ಬಿಡುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೆಂಬ ಹೊಸ ಶಿಕ್ಷೆ ಬಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಬಾರಿಗೆ ಸಿಕ್ಕಿಬಿದ್ದು, ಅದನ್ನು ಹಿಂದಿರುಗಿಸಿದವನು ಜೈಲಿನ ಬದಲು ಸೇವೆ ಮಾಡಬಹುದು. ಸುದ್ದಿ ಓದಿದಾಗ ನನಗೂ ಸಂತೋಷವಾಗಿತ್ತು. ಆದರೆ ಆಸ್ಪತ್ರೆಯ ಅಂಗಳ ಗುಡಿಸಿ ಮುಗಿಸಿದ ಮೇಲೂ ಅವನು ಶಿಕ್ಷಿತ ಅಪರಾಧಿಯೇ. ಪೊರಕೆ ಕೆಳಗಿಟ್ಟ ದಿನವೇ ಅವನ ಲೆಕ್ಕ ಚುಕ್ತಾ ಎಂದು ಒಂದು ಸಾಲು ಬರೆಯಲು ಸಂಹಿತೆಗೆ ತೋಚಲಿಲ್ಲ.

ಹಾಗಾದರೆ ಮರೆಯುವುದು ನಮ್ಮ ಕಾನೂನಿಗೆ ಗೊತ್ತೇ ಇಲ್ಲವೆಂದಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯನ್ನು ತೆಗೆದು ನೋಡಿ. ಹಿಂದಿನ ಐದು ವರ್ಷಗಳಲ್ಲಿ, ನೈತಿಕ ಅಧಃಪತನದ ಅಪರಾಧಕ್ಕೆ, ಕನಿಷ್ಠ ಎರಡು ವರ್ಷದ ಸೆರೆ ಶಿಕ್ಷೆಯಾಗಿದ್ದರೆ ಮಾತ್ರ ಹಳೆಯ ಶಿಕ್ಷೆಯ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸಬಹುದು. ದೇಶ ಬಿಟ್ಟು ಹೋಗುವವನ ವಿಷಯದಲ್ಲಿ ಐದು ವರ್ಷಕ್ಕೆ ಮರೆಯಬಲ್ಲ ಸರ್ಕಾರ, ದೇಶದೊಳಗೆ ಕೆಲಸ ಕೇಳುವವನ ವಿಷಯದಲ್ಲಿ ಮರೆಯಲಾರದು. ಶಾಸಕರ ಮಾತಿಗೆ ಬರೋಣ. 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಸೆರೆ ಶಿಕ್ಷೆಯಾದವನು ಬಿಡುಗಡೆಯಾಗಿ ಆರು ವರ್ಷ ಕಳೆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು. ಗೆದ್ದರೆ ಮಂತ್ರಿಯೂ ಆಗಬಹುದು. ಆ ಮಂತ್ರಿಯ ಕಚೇರಿಯ ಬಾಗಿಲಲ್ಲಿ ನಿಲ್ಲುವ ಜವಾನನ ಕೆಲಸಕ್ಕೆ ಅರ್ಜಿ ಹಾಕಿದವನು ಮಾತ್ರ ಹದಿನಾರು ವರ್ಷದ ಹಿಂದೆ ಕಟ್ಟಿದ ಫೈನಿನ ವಿವರ ಕೊಡಬೇಕು.

ವ್ಯಾಪಾರಿಗಳಿಗೂ ಕರುಣೆ ದೊರೆತಿದೆ. 2023ರ ಜನ ವಿಶ್ವಾಸ ಕಾಯ್ದೆ 42 ಕೇಂದ್ರ ಕಾಯ್ದೆಗಳ 183 ಕಲಮುಗಳನ್ನು ತಿದ್ದಿ, ಸಣ್ಣಪುಟ್ಟ ಲೋಪಗಳಿಗಿದ್ದ ಸೆರೆವಾಸವನ್ನು ತೆಗೆಯಿತು ಅಥವಾ ಸಡಿಲಿಸಿತು. ಉದ್ಯಮಿಯನ್ನು ಸಣ್ಣ ತಪ್ಪಿಗೆ ಅಪರಾಧಿಯೆನ್ನಬಾರದೆಂಬ ವಾದವನ್ನು ನಾನು ಒಪ್ಪುತ್ತೇನೆ. ಅದೇ ವಾದವನ್ನು ಹೋಟೆಲಿನ ಹುಡುಗನಿಗೆ ಅನ್ವಯಿಸಿದಾಗ ಏಕೆ ಎಲ್ಲರಿಗೂ ಕೆಮ್ಮು ಬರುತ್ತದೆ?

ಇನ್ನೊಂದು ಅನ್ಯಾಯವಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅಂದು ಆ ಗದ್ದೆಯಲ್ಲಿ ಸಿಕ್ಕಿಬಿದ್ದವರಲ್ಲಿ ಹಣವಿದ್ದವರು ಒಪ್ಪಿಕೊಳ್ಳಲಿಲ್ಲ. ವಕೀಲರನ್ನಿಟ್ಟರು, ಮುಂದಿನ ತಾರೀಕು, ಅದರ ಮುಂದಿನ ತಾರೀಕು ಎಂದು ಕಾದರು. ಪಂಚನಾಮೆಯ ಸಾಕ್ಷಿಗಳು ತಿರುಗಿಬಿದ್ದರು, ಖುಲಾಸೆಯಾಯಿತು. ಈಗ ಅವರು ನಿರ್ದೋಷಿಗಳು. ಕೈಜೋಡಿಸಿ ‘ಹೌದು ಸ್ವಾಮಿ’ ಎಂದವನು ಅಪರಾಧಿ. ಸತ್ಯ ಹೇಳಿದ್ದಕ್ಕೆ ಇಷ್ಟು ತೆರಿಗೆ ವಿಧಿಸುವ ವ್ಯವಸ್ಥೆಯೊಂದನ್ನು ನ್ಯಾಯವ್ಯವಸ್ಥೆ ಎಂದು ಕರೆಯುವಾಗ ನಾಲಿಗೆ ತಡವರಿಸುತ್ತದೆ. ಮುಂಬಯಿಯಲ್ಲಿರುವ ನಮಗೆ ಇದಕ್ಕೆ ಕೋಳಿ ಅಂಕದವರೆಗೆ ಹೋಗಬೇಕಾಗಿಯೂ ಇಲ್ಲ. ರೈಲು ಹಳಿ ದಾಟುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಡಿ ಆರು ತಿಂಗಳವರೆಗಿನ ಸೆರೆ ಅಥವಾ 1,000 ರೂಪಾಯಿವರೆಗಿನ ದಂಡಕ್ಕೆ ಅರ್ಹವಾದ ಅಪರಾಧ. ಸೇತುವೆ ಹತ್ತಲು ಸೋಮಾರಿತನಪಟ್ಟು ಹಳಿ ದಾಟಿದ ನೆನಪು ಈ ಲೇಖನ ಓದುತ್ತಿರುವವರಲ್ಲಿ ಎಷ್ಟು ಮಂದಿಗಿಲ್ಲ? ನನಗಂತೂ ಇದೆ. ನನಗೂ ರೈಲ್ವೆ ಮ್ಯಾಜಿಸ್ಟ್ರೇಟರ ಮುಂದೆ ಸಾಲಿನಲ್ಲಿ ನಿಂತು ದಂಡ ಕಟ್ಟಿದ ಹುಡುಗನಿಗೂ ಇರುವ ವ್ಯತ್ಯಾಸ ಚಾರಿತ್ರ್ಯದ್ದಲ್ಲ. ಆ ದಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಪೊಲೀಸರು ನಿಂತಿದ್ದರೋ ಇಲ್ಲವೋ ಎಂಬುದರದ್ದು.

ಎದುರುವಾದಗಳು ನನಗೆ ತಿಳಿಯದವಲ್ಲ. ಕೆಲಸಕ್ಕೆ ತೆಗೆದುಕೊಳ್ಳುವವನಿಗೆ ಬರುವವನು ಯಾರೆಂದು ತಿಳಿಯುವ ಹಕ್ಕಿಲ್ಲವೇ ಎನ್ನುತ್ತಾರೆ. ಇದೆ. ಬ್ಯಾಂಕಿನ ತಿಜೋರಿಗೆ ಕಾವಲಿಡುವವನು ಕಳೆದ ವರ್ಷ ವಂಚನೆಗೆ ಸಿಕ್ಕಿಬಿದ್ದವನೇ ಎಂದು ಕೇಳಬೇಕು, ಮಕ್ಕಳ ಶಾಲೆಗೆ ಬರುವವನ ಮೇಲೆ ಲೈಂಗಿಕ ಅಪರಾಧವಿದೆಯೇ ಎಂದು ಎಷ್ಟು ಹಿಂದಿನದಾದರೂ ಕೇಳಬೇಕು. ನನ್ನ ಬೇಡಿಕೆಯಲ್ಲಿ ಹಿಂಸೆಯ ಅಪರಾಧಗಳಿಲ್ಲ, ಹೆಂಗಸರ, ಮಕ್ಕಳ ಮೇಲಿನ ಅಪರಾಧಗಳಿಲ್ಲ. ಜೂಜು, ಹಳಿ ದಾಟುವುದು, ಟಿಕೆಟಿಲ್ಲದ ಪ್ರಯಾಣ, ಕಾಲೇಜಿನ ಹೊರಗಿನ ತಳ್ಳಾಟ, ಘೋಷಣೆ ಕೂಗಿ ರಸ್ತೆ ತಡೆದದ್ದು, ಒಂದು ಸಣ್ಣ ಕಳವು: ಇಂಥವುಗಳ ಮಾತು ನಾನಾಡುತ್ತಿರುವುದು. ‘ಇಂದು ಸೂಜಿ ಕದ್ದವನು ನಾಳೆ ಆನೆ ಕದ್ದಾನು’ ಎಂದು ಹೆದರಿಸುವವರಿಗೆ ನನ್ನ ಪ್ರಶ್ನೆ: ಸೂಜಿ ಕದ್ದವನಿಗೆ ಹೊಲಿಯುವ ಕೆಲಸವನ್ನೂ ಕೊಡದಿದ್ದರೆ ಅವನು ಇನ್ನೇನು ಮಾಡಬೇಕು?

ನ್ಯಾಯಾಲಯಗಳು ಕರುಣೆ ತೋರಿಲ್ಲವೆಂದರೆ ಸುಳ್ಳಾಗುತ್ತದೆ. ದೆಹಲಿ ಪೊಲೀಸ್ ಇಲಾಖೆಗೆ 1999ರಲ್ಲಿ ಅರ್ಜಿ ಹಾಕಿದ್ದ ಯುವಕನೊಬ್ಬ, ಇಪ್ಪತ್ತರ ಸುಮಾರಿನಲ್ಲಿ ತನ್ನ ಮೇಲಾಗಿದ್ದ, ರಾಜಿಯಲ್ಲಿ ಮುಗಿದಿದ್ದ ಹೊಡೆದಾಟದ ಮೊಕದ್ದಮೆಯನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. 2011ರಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರ ಪೀಠ ಅವನ ಪರ ತೀರ್ಪಿತ್ತಿತು. ಯೌವನದ ತಪ್ಪುಗಳನ್ನು ಬಹುಮಟ್ಟಿಗೆ ಕ್ಷಮಿಸಬೇಕೆಂದು ಹೇಳುತ್ತ, ರೊಟ್ಟಿ ಕದ್ದು ಬದುಕಿಡೀ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೋನ ಜಾನ್ ವಾಲ್‌ಜಾನನನ್ನೂ ಆ ತೀರ್ಪು ನೆನೆಯಿತು. 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಎಳೆಯ ವಯಸ್ಸಿನ ಕ್ಷುಲ್ಲಕ ಅಪರಾಧವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತ ತನ್ನ ವಿವೇಚನೆಯಿಂದ ಮನ್ನಿಸಬಹುದೆಂದಿತು. ‘ಬಹುದು’ ಎಂಬ ಪ್ರತ್ಯಯವನ್ನು ಗಮನಿಸಿ. ವಿವೇಚನೆಯೆಂದರೆ ಮೇಜಿನಾಚೆ ಕುಳಿತವನ ಅಂದಿನ ಮನಸ್ಥಿತಿ. ಅದು ಕೆಟ್ಟರೆ ಹುಡುಗ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು, ಅಲ್ಲಿಂದ ಮೇಲಕ್ಕೆ ಹೋಗಬೇಕು. 1999ರಿಂದ 2011 ಎಂದರೆ ಹನ್ನೆರಡು ವರ್ಷ. ಅಷ್ಟು ಕಾಲ ಕಾದು ಕರುಣೆ ಪಡೆಯುವ ಶಕ್ತಿಯಿದ್ದವನಿಗೆ ಆ ನೌಕರಿಯ ಅಗತ್ಯವೇ ಇರುತ್ತಿರಲಿಲ್ಲವೇನೋ.

ನಾವು ಯಾರಿಂದ ದಂಡಸಂಹಿತೆ ಕಲಿತೆವೋ ಆ ಬ್ರಿಟಿಷರು 1974ರಲ್ಲೇ ತಮ್ಮಲ್ಲಿ ಒಂದು ಕಾಯ್ದೆ ಮಾಡಿಕೊಂಡರು. ನಿಗದಿತ ಅವಧಿ ಕಳೆದ ಶಿಕ್ಷೆ ಅಲ್ಲಿ ತೀರಿಹೋದ ಶಿಕ್ಷೆ. ಸಾಮಾನ್ಯ ಕೆಲಸಗಳಿಗೆ ಅರ್ಜಿ ಹಾಕುವಾಗ ಅದನ್ನು ಹೇಳಬೇಕಾಗಿಲ್ಲ, ‘ಇಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ. ಈಗ ಅಲ್ಲಿ ದಂಡದ ಶಿಕ್ಷೆ ವಯಸ್ಕರಿಗೆ ಒಂದು ವರ್ಷದಲ್ಲಿ ತೀರುತ್ತದೆ. ನಾವು ಇತ್ತೀಚೆಗೆ ವಸಾಹತುಶಾಹಿ ಕಾನೂನುಗಳನ್ನು ಕಿತ್ತೊಗೆದೆವೆಂದು ಡಂಗುರ ಸಾರಿದೆವು. ಅವರು ಕಲಿಸಿದ ಶಿಕ್ಷೆಯನ್ನು ಉಳಿಸಿಕೊಂಡೆವು, ಅವರು ಆಮೇಲೆ ಕಲಿತ ಕ್ಷಮೆಯನ್ನು ಬಿಟ್ಟೆವು.

ಅದಕ್ಕೆ ಬದಲಾಗಿ ನಾವು ಗಳಿಸಿಕೊಂಡದ್ದು 2022ರ ಅಪರಾಧ ಪ್ರಕ್ರಿಯೆ ಗುರುತು ಪತ್ತೆ ಕಾಯ್ದೆ. ಯಾವುದೇ ಕಾನೂನಿನಡಿ ದೋಷಿಯೆನಿಸಿದವನ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಮೊದಲಾದವುಗಳನ್ನು ತೆಗೆದುಕೊಳ್ಳಲು ಅದು ಅಧಿಕಾರ ಕೊಡುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅವನ್ನು 75 ವರ್ಷ ಕಾಪಾಡಿಕೊಳ್ಳಬೇಕು. 19ರ ಹುಡುಗನ ಬೆರಳಚ್ಚು ಅವನಿಗೆ 94 ತುಂಬುವವರೆಗೆ! ಹಿಂದೆ ಠಾಣೆಯ ಕಡತಗಳನ್ನು ಗೆದ್ದಲು ತಿನ್ನುತ್ತಿತ್ತು, ಮಳೆಗಾಲದಲ್ಲಿ ಮಾಡು ಸೋರುತ್ತಿತ್ತು; ಕಾನೂನು ಮಾಡದ ಕ್ಷಮೆಯನ್ನು ಗೆದ್ದಲಾದರೂ ಮಾಡುತ್ತಿತ್ತು. ಈಗ ಎಲ್ಲ ಠಾಣೆಗಳ ಜಾಲ ಒಂದೇ, ನ್ಯಾಯಾಲಯಗಳ ಆದೇಶಗಳು ಅಂತರಜಾಲದಲ್ಲಿ. ಹೆಸರು ಟೈಪಿಸಿದರೆ ಸಾಕು, ಕೆಲಸ ಕೊಡುವವನೂ ನೋಡಬಹುದು, ಹೆಣ್ಣು ಕೊಡುವವನೂ ನೋಡಬಹುದು.

ಈ ಸಂಕಟವನ್ನು ಮೊದಲು ಗುರುತಿಸಿದವರಲ್ಲಿ ಕನ್ನಡ ನೆಲದ ನ್ಯಾಯಾಲಯವೂ ಇದೆಯೆಂಬುದು ನಮಗೆ ಹೆಮ್ಮೆಯ ಸಂಗತಿ. 2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಹೆಣ್ಣುಮಗಳೊಬ್ಬಳ ಹೆಸರು ಅಂತರಜಾಲದ ಹುಡುಕಾಟದಲ್ಲಿ ಆದೇಶವೊಂದರ ಮೂಲಕ ಕಾಣದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಮನುಷ್ಯ ಬದಲಾಗುತ್ತಾನೆ, ಮೊದಲು ತುಳಿದ ದಾರಿಗೇ ಅವನನ್ನು ಕಟ್ಟಿಹಾಕಬಾರದು, ಎಳವೆಯ ತಪ್ಪಿನ ಫಲವನ್ನು ಬದುಕಿಡೀ ಉಣಿಸಬಾರದು ಎಂಬರ್ಥದ ಮಾತುಗಳು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ತೀರ್ಪಿನಲ್ಲಿವೆ. ಆ ಮಾತುಗಳಿಗೆ ಶಾಸನದ ಕೈಕಾಲು ಇನ್ನೂ ಮೂಡಿಲ್ಲ.

ಮೂಡಿಸುವುದು ಕಷ್ಟವೂ ಅಲ್ಲ. ಅಪರಾಧದ ದಿನ 21 ದಾಟದವನು, ದಂಡದಲ್ಲೋ ಪ್ರೊಬೇಷನ್ನಿನಲ್ಲೋ ಸಮುದಾಯ ಸೇವೆಯಲ್ಲೋ ಮುಗಿದ ಪ್ರಕರಣ, ಆಮೇಲೆ ಎರಡು ವರ್ಷ ಬೇರೆ ತಪ್ಪಿಲ್ಲ ಎಂದಾದರೆ ದಾಖಲೆ ತಾನಾಗಿಯೇ ಮುಚ್ಚಿಹೋಗಬೇಕು. ‘ತಾನಾಗಿ’ ಎಂಬುದಕ್ಕೆ ಒತ್ತುಕೊಡುತ್ತೇನೆ. ಅರ್ಜಿ ಹಾಕಿದವರಿಗೆ ಮಾತ್ರ ಎಂದರೆ ಮತ್ತೆ ವಕೀಲರಿದ್ದವರಿಗೆ ಮಾತ್ರ ಎಂದಾಯಿತು. ಮುಚ್ಚಿದ ದಾಖಲೆಯ ಬಗ್ಗೆ ಪೊಲೀಸರು ವೆರಿಫಿಕೇಶನ್ನಿನಲ್ಲಿ ಬಾಯಿಬಿಡಕೂಡದು. ತಪ್ಪೊಪ್ಪಿಗೆಗೆ ಮುನ್ನ, ಒಪ್ಪಿಕೊಂಡರೆ ಇದು ದೋಷನಿರ್ಣಯವಾಗುತ್ತದೆ ಎಂದು ನ್ಯಾಯಾಧೀಶರು ಅವನ ಭಾಷೆಯಲ್ಲಿ ಹೇಳಬೇಕು. ‘ಎಂದಾದರೂ’ ಎಂಬ ಪದ ನಮೂನೆಯಿಂದ ಹೋಗಬೇಕು.

ಸರ್ಕಾರ ಮಾಡುವವರೆಗೆ ನಾವು ಮಾಡಬಹುದಾದದ್ದೂ ಇದೆ. ಇದನ್ನು ಬರೆಯುವಾಗ ನನಗೆ ಸಂಕೋಚವಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ನಡತೆ ಪ್ರಮಾಣಪತ್ರ ಲಗತ್ತಿಸಲು ನಮ್ಮ ಸಂಘಗಳೂ ಕೇಳುತ್ತವೆ. ‘ಕೇಸಿನ ಹುಡುಗ, ಬೇಡ’ ಎಂದು ಗಲ್ಲೆಯಲ್ಲಿ ಕುಳಿತು ಹೇಳುವವರು ನಮ್ಮವರೇ. ಒಮ್ಮೆ ಇಂಥದೊಂದು ಅರ್ಜಿ ಸಮಿತಿಯ ಮುಂದೆ ಬಂದಾಗ ಮಾತಾಡದೆ ಕುಳಿತಿದ್ದವರಲ್ಲಿ ನಾನೂ ಇದ್ದೆ. ಅರ್ಜಿ ತಿರಸ್ಕೃತವಾಯಿತು. ಚಹಾ ಬಂತು, ಮುಂದಿನ ವಿಷಯಕ್ಕೆ ಹೋದೆವು.

ಹುಡುಗನಿಗೆ ನಾನು ಬರೆ ಎಂದೆ. ನಮೂನೆಯ ತಲೆಯ ಮೇಲೆಯೇ ಎಚ್ಚರಿಕೆ ಅಚ್ಚಾಗಿತ್ತು: ಮಾಹಿತಿ ಮುಚ್ಚಿಟ್ಟರೆ ಅದೇ ಅನರ್ಹತೆ. ಬರೆದ. ಕೇಸಿನ ಸಂಖ್ಯೆ, ಕಲಮು, ತಾರೀಕು, ಕಟ್ಟಿದ ಮೊತ್ತ, ಎಲ್ಲವನ್ನೂ ದುಂಡಗಿನ ಅಕ್ಷರಗಳಲ್ಲಿ ಬರೆದ. ನೇಮಕಾತಿ ಪತ್ರ ಬರಲಿಲ್ಲ. ಪರಿಶೀಲನೆಯಲ್ಲಿದೆ ಎಂಬ ಒಂದು ಉತ್ತರ ಬಂತು. ಅವನು ಈಗಲೂ ಅದೇ ಹೋಟೆಲಿನಲ್ಲಿದ್ದಾನೆ, ಬಿಲ್ಲು ಬರೆಯುತ್ತಾನೆ. ಕಳೆದ ವಾರ ಹೋದಾಗ ಕಾಫಿಯ ಹಣ ತೆಗೆದುಕೊಳ್ಳಲಿಲ್ಲ. ‘ಸರ್, ಅವತ್ತು ಬರೀದಿದ್ರೆ ಏನಾಗ್ತಿತ್ತು?’ ಎಂದು ಕೇಳಿದ.